ಒಂದು ಕುಂಡದ ಮಹಜರು

ಅವರೆಕಾಯಿ ತಿಂದು ಬೆಳೆದವರಿಗೆ ಆಟೋಫ್ಲವರಿಂಗ್ ಗಾಂಜಾ ಅಂದರೇನು ಅಂತ ಅರ್ಥ ಮಾಡಿಸೋದು ಬಹಳ ಸುಲಭ. ನಮ್ಮ ಅಜ್ಜಿ ಕಾಲದ ಅವರೆ ಚಳಿಗಾಲಕ್ಕೇ ಕಾಯುತ್ತಿತ್ತು. ಹಗಲು ಗಿಡ್ಡವಾಗಿ ರಾತ್ರಿ ಉದ್ದವಾಗುವವರೆಗೆ ಅದು ಬರೀ ಬಳ್ಳಿ, ಬರೀ ಎಲೆ. ಇಬ್ಬನಿ ಬೀಳೋ ಹೊತ್ತಿಗೆ ಹೂವು, ಸಂಕ್ರಾಂತಿ ಹೊತ್ತಿಗೆ ಸೊನೆ ತುಂಬಿದ ಕಾಯಿ. ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ತಂದರು. ಎಚ್‌ಎ-3, ಎಚ್‌ಎ-4 ಅಂತ ತಳಿಗಳು. ಇವಕ್ಕೆ ಹಗಲು ರಾತ್ರಿಯ ಲೆಕ್ಕ ಬೇಡ. ವಯಸ್ಸಿಗೆ ಬಂದ್ವಾ, ಹೂ ಬಿಟ್ಟವು. ಈಗ ಮಾರ್ಕೆಟ್ಟಿನಲ್ಲಿ ಕಾಲವಲ್ಲದ ಕಾಲದಲ್ಲೂ ಅವರೆ ಸಿಗುತ್ತೆ ಅಂದ್ರೆ ಈ ತಳಿಗಳ ಪಾಲು ಅದರಲ್ಲಿ ದೊಡ್ಡದು. ಹಳಬರು ಸೊಗಡಿಲ್ಲ ಅಂತ ಮೂಗು ಮುರೀತಾರೆ. ಮುರಿದುಕೊಂಡೇ ಒಂದು ಕೆಜಿ ಕಟ್ಟಿಸಿಕೊಳ್ತಾರೆ.

ಆಟೋಫ್ಲವರ್ ಅಂದರೆ ಗಾಂಜಾದ ಹೆಬ್ಬಾಳ ಅವರೆ. ಅಷ್ಟೇ.

ಮಾಮೂಲಿ ಗಾಂಜಾ ಗಿಡ ಹಳೇ ಅವರೆಯ ಹಾಗೆ. ರಾತ್ರಿ ಸುಮಾರು 12 ಗಂಟೆಯಷ್ಟು ಉದ್ದವಾಗೋವರೆಗೆ ಹೂವಿನ ಸುದ್ದಿ ಎತ್ತಲ್ಲ. ಬೆಂಗಳೂರಲ್ಲಿ ಇದರ ಮಹತ್ವ ಗೊತ್ತಾಗೋದೇ ಇಲ್ಲ, ಯಾಕಂದ್ರೆ ಅಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ನಾನಿರೋ ಬರ್ಲಿನ್ನಿನಲ್ಲಿ ಜೂನ್ ಹಗಲು ಹೆಚ್ಚುಕಮ್ಮಿ 17 ಗಂಟೆ, ಡಿಸೆಂಬರ್ ಹಗಲು 8 ಗಂಟೆಗೂ ಕಡಿಮೆ. ಇಲ್ಲಿ ಬಾಲ್ಕನಿಯಲ್ಲಿ ಮಾಮೂಲಿ ಗಿಡ ಇಟ್ಟರೆ ಅದು ಆಗಸ್ಟ್‌ವರೆಗೆ ಎತ್ತರಕ್ಕೆ ಬೆಳೆದು, ಆಮೇಲೆ ಹೂ ಬಿಡೋಕೆ ಶುರು ಮಾಡಿ, ಕುಯ್ಲಿಗೆ ಬರೋದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಇಲ್ಲಿನ ಜಿಟಿಜಿಟಿ ಮಳೆ ಶುರುವಾಗಿ ಹೂವಿನ ಒಳಗೇ ಬೂಷ್ಟು.

ಈ ತಾಪತ್ರಯಕ್ಕೆ ಉತ್ತರ ಸಿಕ್ಕಿದ್ದು ರಷ್ಯಾದಲ್ಲಿ. 1924ರಲ್ಲಿ ಯಾನಿಶೆವ್ಸ್ಕಿ ಅನ್ನೋ ರಷ್ಯನ್ ಸಸ್ಯಶಾಸ್ತ್ರಜ್ಞ ಅಲ್ಲಿನ ಪಾಳು ಜಾಗಗಳಲ್ಲಿ ತಾನಾಗೇ ಬೆಳೆಯೋ ಕುಳ್ಳ ಗಾಂಜಾ ಜಾತಿಯೊಂದನ್ನು ಗುರುತಿಸಿ ಕ್ಯಾನಬಿಸ್ ರುಡೆರಾಲಿಸ್ ಅಂತ ಹೆಸರಿಟ್ಟ. ರುಡೆರಾಲಿಸ್ ಅಂದರೆ ತಿಪ್ಪೆ, ಹಾಳುಗೋಡೆ ಅಂಥ ಕಡೆ ಹುಟ್ಟೋದು ಅಂತ. ಆ ಸೀಮೆಯ ಬೇಸಿಗೆ ತೀರಾ ಚಿಕ್ಕದು. ರಾತ್ರಿ ಉದ್ದವಾಗಲಿ ಅಂತ ಕಾಯುತ್ತಾ ಕೂತರೆ ಬೀಜ ಕಟ್ಟೋ ಮೊದಲೇ ಹಿಮ ಬಂದುಬಿಡುತ್ತೆ. ಹಾಗಾಗಿ ಆ ಗಿಡ ಆಕಾಶ ನೋಡೋದು ಬಿಟ್ಟು ತನ್ನ ವಯಸ್ಸನ್ನೇ ನೋಡಿಕೊಂಡು ಹೂ ಬಿಡುತ್ತೆ. ಹುಟ್ಟಿ ಮೂರೋ ನಾಲ್ಕೋ ವಾರಕ್ಕೆ ಮೊಗ್ಗು, ಹತ್ತೋ ಹನ್ನೊಂದೋ ವಾರಕ್ಕೆ ಆಟ ಮುಗೀತು. ಅದರಲ್ಲಿ ನಶೆ ಕಡಿಮೆ. ಅದಕ್ಕೇ ತಳಿ ಮಾಡುವವರು ಅದನ್ನು ಘಾಟಿನ ಜಾತಿಗಳ ಜೊತೆ ಕೂಡಿಸಿದರು. 2000ದ ದಶಕದ ಶುರುವಿನಲ್ಲಿ ಲೋರೈಡರ್ ಅನ್ನೋ ಕುಳ್ಳ ತಳಿ ಬಂದ ಮೇಲೆ ಬಾಲ್ಕನಿಯಲ್ಲಿ, ಕಪಾಟಿನಲ್ಲಿ ಬೆಳೆಯುವವರ ಲೋಕವೇ ಬದಲಾಯ್ತು.

ಇದನ್ನೆಲ್ಲ ನಾನು ಮೊದಲು ವಿವರಿಸಿದ್ದು ನಮ್ಮಪ್ಪನಿಗೆ. ಅವರು ಗಾಂಜಾ ವಿಷಯದಲ್ಲಿ ನನಗಿಂತ ಬಹಳ ಅನುಭವಸ್ಥರು.

ತಪ್ಪು ತಿಳೀಬೇಡಿ. ಅಪ್ಪ ಬೀಡಿ ಕೂಡ ಸೇದಿದವರಲ್ಲ. ಅವರು ಇದ್ದದ್ದು ಸರ್ಕಾರದ ಒಂದು ಇಲಾಖೆಯಲ್ಲಿ. ಯಾವುದು ಅಂತ ಬೇಡ, ಖಾಕಿ ಬಟ್ಟೆ ಇತ್ತು ಅಂದ್ರೆ ಸಾಕು. ಚಾಮರಾಜನಗರದ ಕಾಡಂಚಿನ ಊರುಗಳಲ್ಲಿ ಜೋಳದ ಸಾಲಿನ ಮಧ್ಯೆ, ಅರಿಶಿನದ ಮಧ್ಯೆ ಬಚ್ಚಿಟ್ಟು ಬೆಳೆದ ಗಾಂಜಾ ಗಿಡಗಳನ್ನು ಹುಡುಕಿ, ಕಿತ್ತು, ಎಣಿಸಿ, ತೂಗಿ, ಮಹಜರು ಬರೆದು, ಕೇಸು ಹಾಕೋದು ಅವರ ಕೆಲಸದ ಒಂದು ಭಾಗ. ಸುಮಾರು ಮೂವತ್ತು ವರ್ಷ ಮಾಡಿದರು. ರಿಟೈರ್ ಆದರು. ಅಮ್ಮ ಹೋದ ಮೇಲೆ, ಕಳೆದ ವರ್ಷ ಮೊದಲ ಸಲ ನನ್ನ ಮನೆಗೆ ಬಂದರು. 2025ರ ಏಪ್ರಿಲ್ 20ಕ್ಕೆ ಬಂದವರು ಜುಲೈ 17ಕ್ಕೆ ಹೊರಡೋದು ಅಂತ ಟಿಕೆಟ್. ಷೆಂಗೆನ್ ವೀಸಾ 90 ದಿನ ಮೀರೋ ಹಾಗಿಲ್ಲ. ಅಪ್ಪ 89ಕ್ಕೇ ಟಿಕೆಟ್ ಮಾಡಿಸಿದ್ದರು. "ಒಂದು ದಿನ ಕೈಯಲ್ಲಿ ಇಟ್ಕೊಂಡಿರಬೇಕು ಕಣಮ್ಮ" ಅಂತ.

ನಾನು ಬೀಜ ಹಾಕೋದು ಅವರು ಬರೋಕೆ ಮುಂಚೆಯೇ ತೀರ್ಮಾನ ಆಗಿತ್ತು. ಮುಚ್ಚಿಡೋದೂ ಸಾಧ್ಯ ಇರಲಿಲ್ಲ. ಎರಡು ರೂಮಿನ ಮನೆ, ಒಂದೇ ಬಾಲ್ಕನಿ. ಅದೂ ಅಲ್ಲದೆ ಆ ವಾಸನೆಯನ್ನು ಜಗತ್ತಿನಲ್ಲಿ ಯಾರಿಂದಾದರೂ ಮುಚ್ಚಿಡಬಹುದು, ನಮ್ಮಪ್ಪನಿಂದ ಆಗಲ್ಲ. ಹಾಗಾಗಿ ಬಂದ ಮಾರನೇ ದಿನ ಸಾರು ಅನ್ನ ಬಡಿಸಿ ನೇರವಾಗಿ ಹೇಳಿಬಿಟ್ಟೆ.

ಅಪ್ಪ ಊಟ ನಿಲ್ಲಿಸಲಿಲ್ಲ. ಮಜ್ಜಿಗೆ ಹಾಕಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು. "ಲೈಸೆನ್ಸ್ ಎಲ್ಲಿದೆ?"

ಲೈಸೆನ್ಸ್ ಬೇಡ ಅನ್ನೋದನ್ನು ನಂಬಿಸೋಕೆ ನನಗೆ ಒಂದು ಸಂಜೆ ಹಿಡೀತು. ಕೊನ್ಸೂಮ್‌ಕನಾಬಿಸ್‌ಗೆಜೆಟ್ಸ್ ಅಂತ ಕಾನೂನು, ಬಾಯಲ್ಲಿ ಒಂದು ಸಲ ಹೇಳಿದರೇ ಹಲ್ಲು ಅಲ್ಲಾಡುತ್ತೆ. 2024ರ ಏಪ್ರಿಲ್ 1ರಿಂದ ಜಾರಿ. ಲ್ಯಾಪ್‌ಟಾಪ್ ತೆಗೆದು ಒಂದೊಂದೇ ಕಲಮು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. 18 ತುಂಬಿದ, ಇಲ್ಲಿ ಕನಿಷ್ಠ ಆರು ತಿಂಗಳಿಂದ ವಾಸವಿರೋ ಒಬ್ಬರು ಸ್ವಂತ ಬಳಕೆಗೆ ಮನೆಯಲ್ಲಿ ಒಮ್ಮೆಗೆ ಮೂರು ಗಿಡ ಬೆಳೆಸಬಹುದು. ಮನೆಯಲ್ಲಿ 50 ಗ್ರಾಂ ಒಣಗಿದ್ದು ಇಟ್ಟುಕೊಳ್ಳಬಹುದು. ಹೊರಗೆ ಹೋಗುವಾಗ 25 ಗ್ರಾಂವರೆಗೆ. ಬೀಜವನ್ನು ಯುರೋಪಿಯನ್ ಒಕ್ಕೂಟದ ಬೇರೆ ದೇಶದಿಂದಲೂ ತರಿಸಬಹುದು. ಮಕ್ಕಳ ಕೈಗೆ ಸಿಗದ ಹಾಗೆ ಕಾಪಾಡಬೇಕು. ಮನೆಯಲ್ಲಿ ಬೆಳೆದದ್ದನ್ನು ಮಾರೋದಿರಲಿ, ಬಿಟ್ಟಿ ಕೂಡ ಬೇರೆಯವರಿಗೆ ಕೊಡೋ ಹಾಗಿಲ್ಲ. ಗಾಡಿ ಓಡಿಸೋರ ರಕ್ತದಲ್ಲಿ ಟಿಎಚ್‌ಸಿ 3.5 ನ್ಯಾನೋಗ್ರಾಂ ದಾಟೋ ಹಾಗಿಲ್ಲ. ನನಗೆ ಕಾರಿಲ್ಲ, ಅದು ಬಿಡಿ.

ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕೊನೆಗೆ, "ಹಾಗಾದ್ರೆ ನಿಂಗೆ ಮಾತ್ರ. ನಾನು ಟೂರಿಸ್ಟು, ಆರು ತಿಂಗಳ ವಾಸ ಇಲ್ಲ. ನಾನು ನೀರೂ ಹಾಕಲ್ಲ, ಮುಟ್ಟೋದೂ ಇಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೂರು ಗಿಡಕ್ಕೆ 50 ಗ್ರಾಂ ಅಂದ್ರೆ ಲೆಕ್ಕ ಕೂಡಿ ಬರಲ್ವಲ್ಲ" ಅಂದರು.

ಮೂವತ್ತು ವರ್ಷದ ಸರ್ವೀಸು ಅಂದ್ರೆ ಸುಮ್ಮನೆ ಅಲ್ಲ. ಜರ್ಮನಿಯ ಈ ಕಾನೂನನ್ನು ಓದಿದ ತೋಟದವರೆಲ್ಲ ಮಾಡೋ ತಕರಾರು ಅದೇ. ಚೆನ್ನಾಗಿ ಬಂದ ಒಂದು ಆಟೋಫ್ಲವರ್ ಗಿಡವೇ 50 ಗ್ರಾಂ ಆಸುಪಾಸು ಕೊಡಬಲ್ಲದು. ಮೂರೂ ಒಟ್ಟಿಗೆ ಕುಯ್ಲಿಗೆ ಬಂದರೆ ಅನುಮತಿ ಪಡೆದು ಬೆಳೆದದ್ದರಿಂದಲೇ ಕಾನೂನು ಮುರಿದ ಹಾಗಾಗುತ್ತೆ. ಅದಕ್ಕೇ ನಾನು ಒಂದೇ ಬೀಜ ಹಾಕೋದು ಅಂತ ಇದ್ದೆ. ಅಪ್ಪನಿಗೆ ಸಮಾಧಾನ ಆಯ್ತು.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗ್ತೀನಿ, ಯಾಕಂದ್ರೆ ಇದನ್ನು ಓದೋರಲ್ಲಿ ಅರ್ಧ ಜನ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರೋರು. ಅಲ್ಲಿ ಈ ಕಥೆ ನಡೆಯಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಇಟ್ಟುಕೊಂಡ ಗಾಂಜಾಕ್ಕೆ ಒಂದು ಕೆಜಿ, ಇಪ್ಪತ್ತು ಕೆಜಿ ಅಂತ ಹಂತಗಳಿವೆ. ಬೆಳೆಸೋದಕ್ಕೆ ಆ ಹಂತ ಇಲ್ಲ. ಗಿಡ ಒಂದೇ ಇರಲಿ, ನೂರೇ ಇರಲಿ. ಬರೀ ಸೊಪ್ಪು, ಬರೀ ಬೀಜ ಆ ಕಾಯ್ದೆಯ ಲೆಕ್ಕದಲ್ಲಿ ಗಾಂಜಾ ಅಲ್ಲ, ಹೂವಿನ ತೆನೆ ಮಾತ್ರ ಗಾಂಜಾ ಅನ್ನೋದು ನಿಜ. ಆದರೆ ಅದನ್ನು ಕೇಳಿ ಕುಂಡ ತರೋಕೆ ಓಡಬೇಡಿ. ಬಾಲ್ಕನಿ ಕುಂಡದ ಫೋಟೋವನ್ನು ಖುಷಿಯಿಂದ ಜಾಲತಾಣಕ್ಕೆ ಹಾಕಿ ಸಿಕ್ಕಿಬಿದ್ದ ಸುದ್ದಿ 2024ರಲ್ಲಿ ನಮ್ಮ ಬೆಂಗಳೂರಿನದ್ದೇ.

ಏಪ್ರಿಲ್ 22ಕ್ಕೆ ಬೀಜ ಹಾಕಿದೆ. ಹೆಸರುಕಾಳಿಗಿಂತ ಚೂರು ಚಿಕ್ಕದು, ಮೈಮೇಲೆ ಹುಲಿಪಟ್ಟೆ. ಹೆಣ್ಣು ಗಿಡವೇ ಬರೋ ಹಾಗೆ ಮಾಡಿದ ಬೀಜ, ಯಾಕಂದ್ರೆ ಗಂಡು ಗಿಡದಿಂದ ಹೂವಿನ ತೆನೆ ಬರಲ್ಲ. ಆಟೋಫ್ಲವರನ್ನು ಮೊದಲೇ ದೊಡ್ಡ ಕುಂಡದಲ್ಲಿ ಹಾಕಿಬಿಡೋದು ವಾಡಿಕೆ. ಸಣ್ಣದರಲ್ಲಿ ಬೆಳೆಸಿ ಆಮೇಲೆ ಬದಲಾಯಿಸೋಣ ಅಂದ್ರೆ ಬೇರು ನೊಂದುಕೊಂಡು ಒಂದು ವಾರ ಮುನಿಸಿಕೊಳ್ಳುತ್ತೆ. ಮಾಮೂಲಿ ಗಿಡಕ್ಕಾದರೆ ಆ ಒಂದು ವಾರ ವಾಪಸ್ ಕೊಡಬಹುದು, ಬೆಳೆಯೋ ಕಾಲವನ್ನೇ ಉದ್ದ ಮಾಡಿ. ಇದಕ್ಕೆ ಆಗಲ್ಲ. ಇದರ ಗಡಿಯಾರ ಒಳಗಿದೆ. ಕುಳ್ಳಗಿರಲಿ, ಸೊರಗಿರಲಿ, ದಿನ ಬಂದರೆ ಹೂ ಬಿಟ್ಟೇ ಬಿಡುತ್ತೆ. ಹಾಗಾಗಿ 11 ಲೀಟರ್ ಕುಂಡ, ಗೊಬ್ಬರ ಕಡಿಮೆ ಇರೋ ಹಗುರ ಮಣ್ಣು, ನೀರು ಇಂಗಿಹೋಗಲಿ ಅಂತ ಸ್ವಲ್ಪ ಪರ್ಲೈಟ್. ಅರ್ಧ ಇಂಚು ಆಳ. ನಾಲ್ಕನೇ ದಿನ ಬೆಳಗ್ಗೆ ಎರಡು ಎಲೆ ತಲೆ ಎತ್ತಿತ್ತು.

ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಮುಟ್ಟಲ್ಲ ಅಂದಿದ್ದರಲ್ಲ. "ಇಷ್ಟು ಚಿಕ್ಕದನ್ನ ನಾನು ನೋಡೇ ಇಲ್ಲ ಕಣೆ" ಅಂದರು.

ನನಗೆ ಅದು ಹೊಳೆದೇ ಇರಲಿಲ್ಲ. ಸಾವಿರಾರು ಗಿಡ ಕಿತ್ತ ಮನುಷ್ಯ. ಆದರೆ ಮಾಹಿತಿ ಬರೋದು, ರೇಡು ಹೋಗೋದು ಗಿಡ ಆಳುದ್ದ ಆದ ಮೇಲೆ, ಹೂ ಬಿಟ್ಟು ವಾಸನೆ ಹೊಡೆದ ಮೇಲೆ. ಅವರಿಗೆ ಗೊತ್ತಿದ್ದದ್ದು ಈ ಗಿಡದ ಕೊನೇ ದಿನ ಮಾತ್ರ. ಮೊದಲ ದಿನ ಅವರ ಡ್ಯೂಟಿಯಲ್ಲಿ ಯಾವತ್ತೂ ಬಂದಿರಲಿಲ್ಲ.

ಅವತ್ತು ಸಂಜೆ ಅಪ್ಪ ತಾವು ತಂದಿದ್ದ ಡೈರಿ ತೆಗೆದು ಸ್ಕೇಲಿನಲ್ಲಿ ಗೆರೆ ಎಳೆದರು. ದಿನಾಂಕ, ಎತ್ತರ, ಷರಾ. ಮೇಲೆ ದಪ್ಪಗೆ ಮಹಜರು ಅಂತ ಬರೆದರು. ನಾನು ನಕ್ಕೆ. ಅವರು ನಗಲಿಲ್ಲ. ಅಮ್ಮನ ಹೊಲಿಗೆ ಡಬ್ಬಿಯ ಟೇಪು ನನ್ನ ಹತ್ತಿರ ಇತ್ತು, ಕೊಟ್ಟೆ. ಗಿಡಕ್ಕೆ ತಾಗಿಸದೆ ಪಕ್ಕದಲ್ಲಿ ಇಳಿಬಿಟ್ಟು ಅಳೆದರು. "ಮುಕ್ಕಾಲು ಇಂಚು."

ಜರ್ಮನ್ನರಿಗೆ ಐಸ್‌ಹೈಲಿಗೆ ಅಂತ ಒಂದು ನಂಬಿಕೆ. ಮೇ ಮಧ್ಯದಲ್ಲಿ ಐದು ಹಿಮದ ಸಂತರ ದಿನಗಳು ಕಳೆಯೋವರೆಗೆ ಟೊಮ್ಯಾಟೊ ಸಸಿ ಕೂಡ ಹೊರಗೆ ಇಡಲ್ಲ. ನಮ್ಮ ಮಳೆ ನಕ್ಷತ್ರಗಳ ಗಾದೆಗಳಿದ್ದಂಗೆ ಇವರಿಗೂ ಗಾದೆಗಳಿವೆ. ಅಲ್ಲಿವರೆಗೆ ಗಿಡ ಒಳಗೆ, ಒಂದು ಎಲ್‌ಇಡಿ ಲೈಟಿನ ಕೆಳಗೆ ದಿನಕ್ಕೆ 18 ಗಂಟೆ. ಮೇ 16ಕ್ಕೆ ಬಾಲ್ಕನಿಗೆ ಹೋಯ್ತು. ನಾಲ್ಕನೇ ಮಹಡಿ, ಮಕ್ಕಳ ಕೈಗೆ ಸಿಗಲ್ಲ, ಬೀದಿಗೆ ಕಾಣಲ್ಲ. ಮೇ 24ಕ್ಕೆ, ಮೊಳಕೆ ಬಂದು 28 ದಿನಕ್ಕೆ, ಗೆಣ್ಣುಗಳ ಸಂದಿಯಲ್ಲಿ ಬಿಳೀ ಕೂದಲಿನ ಹಾಗೆ ಎರಡೆರಡು ಎಳೆ ಕಾಣಿಸಿತು. ಹೆಣ್ಣು ಹೂವಿನ ಮೊದಲ ಗುರುತು. ಹೊರಗೆ ರಾತ್ರಿ ಒಂಬತ್ತಾದರೂ ಬೆಳಕು, ಹಗಲು ಇನ್ನೂ ಉದ್ದ ಆಗ್ತಾ ಇತ್ತು. ಈ ಗಿಡಕ್ಕೆ ಅದರ ಪರಿವೆಯೇ ಇಲ್ಲ.

ಆಗಲೇ ನಾನು ಅವರೆ ಹೋಲಿಕೆ ಹೇಳಿದ್ದು. ಅಪ್ಪನಿಗೆ ಅದು ಎಷ್ಟು ಹಿಡಿಸಿತು ಅಂದ್ರೆ, ಮೈಸೂರಿಂದ ಚಿಕ್ಕಪ್ಪ ಫೋನ್ ಮಾಡಿ ಅಲ್ಲಿ ಹೇಗೆ ಹೊತ್ತು ಹೋಗುತ್ತೆ ಅಂತ ಕೇಳಿದಾಗ, "ಮಗಳು ಬಾಲ್ಕನೀಲಿ ಅವರೆ ಹಾಕವ್ಳೆ, ನೋಡ್ಕೊಂಡಿದೀನಿ" ಅಂದರು. ಚಿಕ್ಕಪ್ಪ, "ಆ ಚಳಿ ದೇಶದಲ್ಲಿ ಅವರೆ ಬರುತ್ತಾ?" ಅಂದ್ರೆ, "ಹೆಬ್ಬಾಳದ ತಳಿ ಕಣಯ್ಯ" ಅಂತ.

ಜೂನ್ ಎರಡನೇ ವಾರದಿಂದ ವಾಸನೆ ಶುರುವಾಯ್ತು.

ಈ ವಾಸನೆಯ ವಿಷಯ ಹೇಳಲೇಬೇಕು, ಯಾಕಂದ್ರೆ ನಾನು ಬೀಜ ಹಾಕಿದ್ದರ ಹಿಂದೆ ಇದೂ ಇದೆ. ಚಿಕ್ಕವಳಿದ್ದಾಗ ಅಪ್ಪ ಮೂರ್ನಾಲ್ಕು ದಿನ ಮನೆಗೆ ಬರುತ್ತಿರಲಿಲ್ಲ. ಬಂದ ದಿನ ಅಮ್ಮ ಅವರನ್ನು ಮುಂಬಾಗಿಲಿಂದ ಒಳಗೆ ಬಿಡುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಯೂನಿಫಾರ್ಮ್ ಬಿಚ್ಚಿ ಬಕೆಟ್ಟಿಗೆ ಹಾಕಿ, ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಗಸಗಸ ಉಜ್ಜಿ, ಆಮೇಲೆ ಸೋಪು. ನಾನು ಬಕೆಟ್ ಪಕ್ಕ ಕೂತಿರುತ್ತಿದ್ದೆ. ಹಸಿ ಹಸಿ, ಮಾವಿನ ಸೊನೆ ಮತ್ತು ಸೀಮೆಎಣ್ಣೆ ಬೆರೆಸಿದ ಹಾಗೆ ಒಂದು ಘಾಟು ಆ ಬಟ್ಟೆಯಿಂದ ಬರುತ್ತಿತ್ತು. ಅದು ಏನು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಪಾಲಿಗೆ ಅದು ಅಪ್ಪ ಬಂದರು ಅನ್ನೋ ವಾಸನೆ. ಅಷ್ಟೇ.

2019ರಲ್ಲಿ ಬರ್ಲಿನ್ನಿಗೆ ಬಂದ ಹೊಸತು. ಗೋರ್ಲಿಟ್ಸರ್ ಪಾರ್ಕ್ ಅಂತ ಇದೆ, ಇಂಥ ವಹಿವಾಟಿಗೆ ಹೆಸರುವಾಸಿ. ಅಡ್ಡ ಹಾದು ಮನೆಗೆ ಹೋಗುತ್ತಿದ್ದೆ, ಯಾರೋ ಬೆಂಚಿನ ಮೇಲೆ ಪೊಟ್ಟಣ ಬಿಚ್ಚಿದರು. ನಾನು ನಿಂತುಬಿಟ್ಟೆ. ತಿರುಗಿ ನೋಡಿದೆ. ಅಪ್ಪ ಎಲ್ಲಿ ಅಂತ.

ಇಪ್ಪತ್ತೇಳು ವರ್ಷದ ಹೆಂಗಸು, ಕೆಲಸಕ್ಕೆ ಸೇರಿ ಎರಡು ತಿಂಗಳು, ಬೇರೆ ದೇಶದ ಪಾರ್ಕಿನಲ್ಲಿ ಅಪ್ಪನನ್ನು ಹುಡುಕುತ್ತಾ ನಿಂತಿದ್ದೆ. ಅವತ್ತು ಗೊತ್ತಾಯ್ತು ಆ ಬಕೆಟ್ಟಿನಲ್ಲಿ ಏನಿತ್ತು ಅಂತ.

ಇದನ್ನು ಅಪ್ಪನಿಗೆ ಹೇಳಿದ್ದು ಜೂನ್‌ನಲ್ಲೇ, ಬಾಲ್ಕನಿಯಲ್ಲಿ ಕಾಫಿ ಕುಡಿಯುವಾಗ. ಅವರು ಮಾತಾಡಲಿಲ್ಲ. ಲೋಟ ತೊಳೆದಿಡೋಕೆ ಒಳಗೆ ಹೋದರು, ಬರೋದು ತಡ ಮಾಡಿದರು.

ಪಕ್ಕದ ಮನೆಯ ಅಜ್ಜಿ ಒಂದು ದಿನ ಬಾಗಿಲು ತಟ್ಟಿದರು. ನಾನು ತಕರಾರಿಗೆ ಸಿದ್ಧವಾದೆ. ಅವರು ಕೇಳಿದ್ದು ಹಾಪ್ಸ್ ಬಳ್ಳಿ ಹಾಕಿದೀರಾ ಅಂತ. ಅವರ ಬಾಲ್ಯ ಹಾಪ್ಸ್ ತೋಟದ ಸೀಮೆಯಲ್ಲಿ ಕಳೆದದ್ದಂತೆ, ಅದೇ ವಾಸನೆ ಅಂತೆ. ಅವರ ಮೂಗು ಸರಿಯಾಗೇ ಇತ್ತು. ಬಿಯರ್‌ಗೆ ಹಾಕೋ ಹಾಪ್ಸ್ ಮತ್ತು ಗಾಂಜಾ ಎರಡೂ ಒಂದೇ ಸಸ್ಯ ಕುಟುಂಬ. ವಿಷಯ ಹೇಳಿದೆ. "ಓ, ಅದಾ" ಅಂತ ಹೇಳಿ, ಟೊಮ್ಯಾಟೊಗೆ ತಾವು ಕೊಳೆಸಿ ಮಾಡೋ ತುರಿಕೆ ಸೊಪ್ಪಿನ ಗೊಬ್ಬರದ ನೀರು ಬೇಕಾ ಅಂತ ಕೇಳಿದರು. ಅದರ ನಾತದ ಮುಂದೆ ನನ್ನ ಗಿಡ ಮಲ್ಲಿಗೆ.

ಕನ್ನಡದ ಗೆಳೆಯರ ಗುಂಪಿನಲ್ಲೂ ಸುದ್ದಿ ಹರಡಿತು. "ನಮಗೂ ಸ್ವಲ್ಪ ಸೊಪ್ಪು ಎತ್ತಿಡೇ" ಅಂತ ಮೆಸೇಜು. ಕೊಡೋ ಹಾಗಿಲ್ಲ ಅಂದೆ. ಒಬ್ಬಳು ಮುಖ ಊದಿಸಿಕೊಂಡಳು. ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು ಒಂದು ದಿನ ಹೇಳಿದರು, "ನೀನು ತಗೊಳ್ಳೋದು ನಿನ್ನಿಷ್ಟ. ವಯಸ್ಸಾಗಿದೆ, ಬುದ್ಧಿ ಇದೆ. ಆದ್ರೆ ಹದಿನಾರು ಹದಿನೇಳರ ಹುಡುಗ್ರು ಇದರಿಂದ ತಲೆ ಕೆಟ್ಟು ಕೂತಿದ್ದನ್ನ ನಾನು ನೋಡಿದೀನಿ. ಅವರ ತಾಯಂದಿರು ಬಂದು ಕೈ ಹಿಡ್ಕೊಂಡು ಅತ್ತಿದ್ದೂ ಉಂಟು. ನಾನು ಮಾಡಿದ್ದೆಲ್ಲ ವ್ಯರ್ಥ ಅನ್ಬೇಡ." ನಾನು ಅನ್ನಲಿಲ್ಲ. ಅನ್ನೋ ಹಾಗೂ ಇಲ್ಲ. ಎಳೇ ಮಿದುಳಿಗೆ ಇದು ಒಳ್ಳೇದಲ್ಲ ಅಂತಲೇ ಈ ದೇಶವೂ 18ಕ್ಕೆ ಗೆರೆ ಎಳೆದಿದೆ. ಶಾಲೆಯ ಬಾಗಿಲಿನ ನೂರು ಮೀಟರ್ ಒಳಗೆ, ಕಣ್ಣಿಗೆ ಬೀಳೋ ಕಡೆ ಸೇದೋ ಹಾಗಿಲ್ಲ ಅಂತ ಬರೆದಿದೆ.

ಜೂನ್ ಕೊನೆಯ ಒಂದು ರಾತ್ರಿ, ಹತ್ತಾದರೂ ಆಕಾಶ ಪೂರ್ತಿ ಕಪ್ಪಾಗಿರಲಿಲ್ಲ. ಅಪ್ಪ ಅಳತೆ ಬರೆದು ಮುಗಿಸಿ ಕೇಳಿದರು. "ಇಲ್ಲಿ ಕಾನೂನು ಬದಲಾಯ್ತಲ್ಲ. ಮುಂಚೆ ಸಿಕ್ಕಿಹಾಕ್ಕೊಂಡೋರ ಕಥೆ ಏನು?"

ಓದಿ ಹೇಳಿದೆ. ಈಗ ಅಪರಾಧ ಅಲ್ಲದ ಕೃತ್ಯಕ್ಕೆ ಹಿಂದೆ ಶಿಕ್ಷೆ ಆಗಿದ್ದು, ಅದು ಇನ್ನೂ ಬಾಕಿ ಇದ್ದರೆ ಮನ್ನಾ. ಅಂಥ ಹಳೇ ಶಿಕ್ಷೆಯನ್ನು ಅರ್ಜಿ ಕೊಟ್ಟು ದಾಖಲೆಯಿಂದ ಅಳಿಸಿಕೊಳ್ಳೋದಕ್ಕೂ ದಾರಿ ಇದೆ.

"ಅಳಿಸಿಬಿಡ್ತಾರಾ?"

"ಹೂಂ."

ಸುಮಾರು ಹೊತ್ತಾದ ಮೇಲೆ ಅಪ್ಪ ಒಂದು ಊರಿನ ಹೆಸರು ಹೇಳಿದರು, ಒಬ್ಬರ ಹೆಸರು ಹೇಳಿದರು. ನಾನಿಲ್ಲಿ ಬರೆಯಲ್ಲ. ಕಾಡಂಚಿನ ಹಳ್ಳಿ. ಎಪ್ಪತ್ತು ದಾಟಿದ ಮುದುಕ. ಹಿತ್ತಲಲ್ಲಿ ಚೆಂಡುಹೂವಿನ ಸಾಲು, ಅದರ ನಡುವೆ ಐದು ಗಿಡ. ಮಾರೋಕೆ ಅಲ್ಲ, ಅವನೂ ಅವನ ಜೊತೆಯ ಇಬ್ಬರು ಮೂವರು ಮುದುಕರೂ ಜಗಲಿ ಮೇಲೆ ಕೂತು ಚಿಲುಮೆ ಸೇದೋಕೆ. ಯಾರೋ ಆಗದವರು ಹೇಳಿಕೊಟ್ಟಿದ್ದರು. ಇವರ ಜೀಪು ನಿಂತಾಗ ಆ ಮನುಷ್ಯನಿಗೆ ಯಾಕೆ ಬಂದಿದ್ದಾರೆ ಅಂತ ಗೊತ್ತಾಗದೆ ಎಲ್ಲರಿಗೂ ನೀರು, ಬೆಲ್ಲ ತಂದಿಟ್ಟನಂತೆ. ಕೀಳೋಕೆ ಶುರು ಮಾಡಿದಾಗ ಅವನು ಕೈ ಮುಗಿದು ಕೇಳಿಕೊಂಡದ್ದು ತನ್ನನ್ನು ಬಿಡಿ ಅಂತ ಅಲ್ಲ. "ಬೇರು ಸಮೇತ ಎಳೀಬ್ಯಾಡಿ ಸೋಮಿ, ಚೆಂಡುವ್ವ ಜೊತೇಲೇ ಬಂದ್ಬುಡ್ತದೆ. ಹಬ್ಬ ಅದೆ."

ಬೇರು ಸಮೇತ ಕೀಳಬೇಕು ಅಂತ ಕ್ರಮ. ಕಿತ್ತರು. ಐದು ಗಿಡ, ಎತ್ತರ ಇಷ್ಟು, ತೂಕ ಇಷ್ಟು ಅಂತ ಮಹಜರು ಆಯ್ತು. ಕೇಸು ನಡೆಯುತ್ತಾ ಹೋಯ್ತು. ವರ್ಷಗಳಾದ ಮೇಲೆ ಅಪ್ಪ ಸಾಕ್ಷಿ ಹೇಳೋಕೆ ಕೋರ್ಟಿಗೆ ಹೋದಾಗ ಕಟಕಟೆಯಲ್ಲಿ ಯಾರೂ ಇರಲಿಲ್ಲ. ಆರೋಪಿ ತೀರಿಕೊಂಡಿದ್ದ. ಕೇಸು ಅಲ್ಲಿಗೇ ಮುಗೀತು.

"ಅಳಿಸೋಕೆ ಅವನ ಹೆಸರಲ್ಲಿ ಶಿಕ್ಷೆಯೇ ಆಗ್ಲಿಲ್ಲ" ಅಂದರು ಅಪ್ಪ.

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಯಾದಗಿರಿ ಕಡೆ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಇದೇ ಸೊಪ್ಪನ್ನು ಪ್ರಸಾದ ಅಂತ ಕೊಡ್ತಾರೆ, ಆರೂಢರು ಸಾಧನೆಗೆ ಅಂತ ಸೇದುತ್ತಾರೆ, ಉತ್ತರದಲ್ಲಿ ಶಿವರಾತ್ರಿಗೆ ಭಂಗಿ ಅರೆದು ಕುಡೀತಾರೆ ಅಂತೆಲ್ಲ ವಾದ ನನ್ನ ಬಾಯಿ ತುದಿಯಲ್ಲೇ ಇತ್ತು. ಆಫೀಸಿನ ಗೆಳೆಯರ ಜೊತೆ ಬಿಯರ್ ಹಿಡಿದು ನೂರು ಸಲ ಮಾಡಿದ ವಾದ. ಅಪ್ಪನ ಮುಂದೆ ಅದು ಹೊರಗೆ ಬರಲಿಲ್ಲ.

"ಅವತ್ತಿನ ಕಾನೂನು ಅದು. ಇವತ್ತಿಗೂ ಅದೇ. ನಾಳೆ ಡ್ಯೂಟಿಗೆ ಕರೆದ್ರೆ ನಾಳೇನೂ ಕೀಳ್ತೀನಿ. ಅದಕ್ಕೆ ನನಗೆ ಬೇಜಾರಿಲ್ಲ" ಅಂದರು. ಆಮೇಲೆ, "ಆದ್ರೆ ಆ ಚೆಂಡುಹೂವು ಬಂದ್ಬಿಡ್ತು ಕಣಮ್ಮ" ಅಂದರು.

ಜುಲೈ ಹೊತ್ತಿಗೆ ಗಿಡ 28 ಇಂಚು. ಮಧ್ಯದ ತೆನೆ ನನ್ನ ಮುಂಗೈಯಷ್ಟು ದಪ್ಪ. ಕುಯ್ಲಿನ ಕಾಲ ತಿಳಿಯೋಕೆ ಭೂತಗನ್ನಡಿ ಬೇಕು. ಹೂವಿನ ಮೇಲೆ ಗಾಜಿನ ಗುಂಡುಸೂಜಿಗಳ ಹಾಗೆ ಅಂಟಿನ ಕಣಗಳಿರುತ್ತವೆ. ಮೊದಲು ನೀರಿನಷ್ಟು ತಿಳಿ, ಆಮೇಲೆ ಹಾಲಿನಂತೆ ಮಬ್ಬು, ಕೊನೆಗೆ ಜೇನಿನ ಬಣ್ಣ. ಬಹುಪಾಲು ಹಾಲಾಗಿ ಅಲ್ಲಲ್ಲಿ ಜೇನು ಕಂಡರೆ ಆಯ್ತು. ಗನ್ನಡಿಯನ್ನು ಅಪ್ಪನಿಗೂ ಕೊಟ್ಟೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಅವರ ಕೈಗೆ ಮೂವತ್ತು ವರ್ಷ ಅಂಟಿಕೊಂಡಿದ್ದು ಇದೇ ಕಣಗಳು.

ಜುಲೈ 4, ಬೀಜ ಹಾಕಿ 73ನೇ ದಿನ, ಕುಯ್ದೆ. ಬುಡದಲ್ಲಿ ಕತ್ತರಿಸಿದೆ, ಬೇರು ಕುಂಡದಲ್ಲೇ ಉಳೀತು. ಎಲೆ ಸವರೋಕೆ ಎರಡು ಗಂಟೆ. ಕತ್ತರಿ ಅಂಟಿಕೊಂಡು ಬಾಯಿ ಬಿಡದ ಹಾಗಾಯ್ತು, ಬೆರಳುಗಳು ಕಪ್ಪಾದವು. ಸೋಪು ಹಚ್ಚಿ ತಿಕ್ಕುತ್ತಾ ಇದ್ದೆ. ಹಿಂದಿನಿಂದ ಅಪ್ಪ, "ಸೋಪಲ್ಲಿ ಹೋಗಲ್ಲ ಅದು" ಅಂತ ಕೊಬ್ಬರಿ ಎಣ್ಣೆ ಬಾಟಲಿ ತಂದರು. ನನ್ನ ಅಂಗೈಗೆ ಸುರಿದರು. ಉಜ್ಜುವಾಗ ಕೈ ಮುಂದೆ ಮಾಡಿ, ನಾನು ಮುಟ್ಟಲ್ಲ ಅಂದದ್ದು ನೆನಪಾಗಿಯೋ ಏನೋ, ಹಿಂದೆ ತೆಗೆದುಕೊಂಡರು. ಆಮೇಲೆ ಮುಂದೆ ಬಂದು ಉಜ್ಜಿಯೇ ಬಿಟ್ಟರು. ಬೆರಳ ಸಂದಿ, ಉಗುರಿನ ಅಂಚು, ಗಸಗಸ.

ಹತ್ತು ದಿನ ಕತ್ತಲ ಕಪಾಟಿನಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿದೆ. ಬಿಸಿ ಗಾಳಿಯಲ್ಲಿ ಬೇಗ ಒಣಗಿಸಿದರೆ ಹುಲ್ಲಿನ ವಾಸನೆ ಉಳಿಯುತ್ತೆ, ಗಾಳಿಯಾಡದೆ ಮುಚ್ಚಿಟ್ಟರೆ ಬೂಷ್ಟು. ಕಡ್ಡಿ ಬಗ್ಗದೆ ಪಟ್ ಅಂತ ಮುರಿಯಬೇಕು, ಒಣ ಮೆಣಸಿನಕಾಯಿ ತೊಟ್ಟಿನ ಹಾಗೆ. ಜುಲೈ 14ರ ಸಂಜೆ ಅಡುಗೆಮನೆಯ ತಕ್ಕಡಿ ಹೊರಗೆ ಬಂತು. ಹಸಿಯಲ್ಲಿ 210 ಗ್ರಾಂ ಇದ್ದದ್ದು. ನಾನು ಇಟ್ಟೆ, ಅಪ್ಪ ಬಗ್ಗಿ ಅಂಕಿ ಓದಿದರು.

"ನಲವತ್ತೇಳು. ಐವತ್ತಕ್ಕೆ ಮೂರು ಕಡಿಮೆ. ಬಚಾವ್" ಅಂದರು. ಡೈರಿಯಲ್ಲಿ ಕೊನೇ ಸಾಲು ಬರೆದು ಕೆಳಗೆ ಎರಡು ಗೆರೆ ಎಳೆದರು. ಪಂಚರ ಸಹಿಗೆ ಜಾಗ. ಮಹಜರು ಅಂದ ಮೇಲೆ ಇಬ್ಬರು ಪಂಚರು ಬೇಕೇ ಬೇಕು. ಒಂದಕ್ಕೆ ನನ್ನ ಸಹಿ. ಆರೋಪಿಯೇ ಪಂಚ ಆಗೋ ಹಾಗಿಲ್ಲವಲ್ಲ ಅಂದೆ. "ಆರೋಪ ಇದ್ರೆ ತಾನೇ ಆರೋಪಿ" ಅಂದರು. ಇನ್ನೊಂದಕ್ಕೆ ಪಕ್ಕದ ಮನೆ ಅಜ್ಜಿಯನ್ನು ಕೇಳಿದೆವು. ಅವರು ಕನ್ನಡಕ ಏರಿಸಿಕೊಂಡು ಕನ್ನಡದ ಅಕ್ಷರಗಳನ್ನು ಒಂದು ನಿಮಿಷ ನೋಡಿ, ಬಹಳ ಚೆನ್ನಾಗಿದೆ ಅಂತ ಹೇಳಿ, ಸಹಿ ಮಾಡಿಕೊಟ್ಟರು.

ಹೊರಡೋ ಹಿಂದಿನ ದಿನ ಅಪ್ಪ ತಮ್ಮ ಬಟ್ಟೆಯನ್ನೆಲ್ಲ ಎರಡೆರಡು ಸಲ ಮಷೀನಿಗೆ ಹಾಕಿಸಿದರು. ಸೂಟ್‌ಕೇಸನ್ನು ಒದ್ದೆ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿದರು. ಡೈರಿಯನ್ನು ಒಯ್ಯಲಿಲ್ಲ. ಬೂದು ಬಣ್ಣದ ಕೈಹೆಣಿಗೆಯ ಸ್ವೆಟರ್ ಒಂದಿತ್ತು, ಅಮ್ಮ ಹಾಕಿದ್ದು. ದಿನಾ ಸಂಜೆ ಬಾಲ್ಕನಿಯಲ್ಲಿ ಅದನ್ನೇ ತೊಟ್ಟು ಕೂರುತ್ತಿದ್ದರು. ಅದನ್ನು ಮೂಗಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. "ಇದು ಎಷ್ಟು ಒಗೆದ್ರೂ ಹೋಗಲ್ಲ. ಏರ್‌ಪೋರ್ಟಲ್ಲಿ ನಾಯಿಗಳಿರ್ತವೆ. ಇಲ್ಲೇ ಇರಲಿ."

ಕಪಾಟಿನ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದೀನಿ. ಇನ್ನೂ ಒಗೆದಿಲ್ಲ.